ಸರ್ವೆ ಅಕ್ಕ ಬರೆದುಕೊಂಡಿದ್ದು

ಸರ್ವೆ ಅಕ್ಕ ಕೆಲಸಕ್ಕೆ ಸೇರಿದ್ದು ಮೂರು ತಿಂಗಳ ಮಟ್ಟಿಗೆ. ಆಗ ಅವಳಿಗೆ ಇಪ್ಪತ್ತೆಂಟು. ಶಾಲೆಯ ವ್ಯಾನು ಓಡಿಸುತ್ತಿದ್ದ ಗಂಡ, ಮಗಳಿಗೆ ಎರಡು ತುಂಬುವ ಮೊದಲೇ ತೀರಿಕೊಂಡಿದ್ದ. ಮನೆಮನೆಗೆ ಹೋಗಿ ಆದಾಯ ಎಷ್ಟು, ಖರ್ಚು ಎಷ್ಟು ಎಂದು ಕೇಳಿ ಫಾರ್ಮು ತುಂಬಿಕೊಂಡು ಬರುವ ಕೆಲಸ. ಮೂರು ತಿಂಗಳು ಮುಗಿದ ಮೇಲೆ ಒಂದು ದಿನ ಮನೆಗೆ ಕಳಿಸಿ, ಮಾರನೆಯ ದಿನದಿಂದ ಮತ್ತೆ ಮೂರು ತಿಂಗಳ ಆದೇಶ ಕೊಟ್ಟರು. ಹಾಗೆ ಮೂರು ಮೂರು ತಿಂಗಳು ಪೋಣಿಸುತ್ತ ಹತ್ತೊಂಬತ್ತು ವರ್ಷ ಆಯಿತು. ನಡುವಿನ ಆ ಒಂದು ದಿನ ಏತಕ್ಕೆ ಎಂದು ಹೊಸದಾಗಿ ಸೇರಿದ್ದ ನಾನು ಕೇಳಿದಾಗ ಅವಳು ನಕ್ಕಿದ್ದಳು: "ನಾವು ಖಾಯಂ ಅಂತ ಎಲ್ಲಾದ್ರೂ ಅಂದ್ಕೊಂಡ್ಬಿಟ್ಟೇವು ಅಂತ ಕಣೋ. ವರ್ಷಕ್ಕೆ ನಾಲ್ಕು ಸಲ ನೆನಪು ಮಾಡ್ತಾರೆ."

ನಾನು ಅದೇ ಕಚೇರಿಯಲ್ಲಿ, ಅವಳಂಥವರು ತಂದ ಫಾರ್ಮುಗಳನ್ನು ಕಂಪ್ಯೂಟರಿಗೆ ಹಾಕುವವನು. ಇಪ್ಪತ್ತು ಜನ ಬರೆದು ತರುತ್ತಿದ್ದರು; ಹೆಸರು ನೋಡದೆಯೇ ಅವಳ ಫಾರ್ಮು ಯಾವುದೆಂದು ಹೇಳಬಲ್ಲವನಾಗಿದ್ದೆ. ಮಿಕ್ಕವರದು ತಿದ್ದಿ ತೀಡಿ ಕಪ್ಪಾಗಿರುತ್ತಿತ್ತು. ಅವಳದು ದುಂಡಗಿನ ಅಕ್ಷರ, ಒಂದೊಂದು ಚೌಕದೊಳಗೆ ಒಂದೊಂದು ಅಂಕಿ, ಗೆರೆಗೆ ತಾಕದ ಹಾಗೆ.

ಅವಳಿಗೆ ಕೊಡುತ್ತಿದ್ದುದು ಸಂಬಳವಲ್ಲ, ಫಾರ್ಮಿಗೆ ಇಷ್ಟು ಎಂದು. ಸೇರಿದಾಗ ಒಂದು ಫಾರ್ಮಿನ ದುಡ್ಡಿಗೆ ಮೂರು ಲೀಟರ್ ಹಾಲು ಬರುತ್ತಿತ್ತಂತೆ. ಕೊನೆಯ ವರ್ಷ ಒಂದೂವರೆ ಲೀಟರ್ ಬರುತ್ತಿತ್ತು. ಇದರ ನಡುವೆ ಫಾರ್ಮಿನ ದರವನ್ನು ಐದು ಸಲ ಏರಿಸಿದ್ದರು. ಏರಿಸಿದಾಗಲೆಲ್ಲ ಸುತ್ತೋಲೆ ಬರುತ್ತಿತ್ತು, ನಾವು ಅದಕ್ಕೆ ಸಹಿ ಹಾಕಿ ಸಂತೋಷಪಡುತ್ತಿದ್ದೆವು.

ಅಪರಿಚಿತರ ಮನೆಗೆ ಹೋಗಿ ನಿಮ್ಮ ವರಮಾನ ಎಷ್ಟು ಎಂದು ಕೇಳಿದರೆ ಯಾರು ಹೇಳುತ್ತಾರೆ? ಅವಳಿಗೆ ಹೇಳುತ್ತಿದ್ದರು. ಅವಳು ಮೊದಲು ಹಾಲಿನ ವಿಷಯ ಎತ್ತುತ್ತಿದ್ದಳು. ಹಾಲಿನಿಂದ ಸೋಪಿಗೆ, ಸೋಪಿನಿಂದ ಚಪ್ಪಲಿಗೆ, ಚಪ್ಪಲಿಯಿಂದ ಔಷಧಿಗೆ. ಔಷಧಿಗೆ ಬರುವ ಹೊತ್ತಿಗೆ ಮನೆಯವರೇ ಒಂದು ಮಣೆ ಎಳೆದು ಎದುರು ಕೂತಿರುತ್ತಿದ್ದರು. ಆಮೇಲೆ ಆದಾಯದ ಪ್ರಶ್ನೆ ಕೇಳಬೇಕಾಗಿಯೇ ಇರಲಿಲ್ಲ, ತಾನಾಗಿ ಹೊರಬರುತ್ತಿತ್ತು. "ಬಡವರು ಏನೂ ಮುಚ್ಚಿಡಲ್ಲ ಕಣೋ" ಎನ್ನುತ್ತಿದ್ದಳು. "ನಿನ್ನೆ ಒಬ್ಬಳು, ಹಲ್ಲುಜ್ಜೋ ಪೇಸ್ಟನ್ನ ಕತ್ತರೀಲಿ ಸೀಳಿ ಒಳಗೆ ಬೆರಳು ಹಾಕಿ ಎಷ್ಟು ದಿನ ತೆಗೀತೀವಿ ಅಂತ ಸಹ ಹೇಳಿದ್ಲು. ಅದಕ್ಕೆ ಚೌಕ ಇಲ್ಲ ಫಾರ್ಮಲ್ಲಿ. ಆದ್ರೂ ಕೇಳ್ಕೊಂಡು ಬಂದೆ."

ನಮ್ಮ ಸರ್ವೆಗೆ ಒಂದು ವಿಶೇಷವಿತ್ತು. ಮೂರು ವರ್ಷಕ್ಕೊಮ್ಮೆ ಅದೇ ಮನೆಗಳಿಗೆ ಮತ್ತೆ ಹೋಗಬೇಕು. ಆ ಸಂಸಾರ ಎಲ್ಲಿಗೆ ಹೋದರೂ ಬೆನ್ನಟ್ಟಿ ಹೋಗಿ ಕೇಳಬೇಕು. ಜನರ ಆದಾಯ ವರ್ಷದಿಂದ ವರ್ಷಕ್ಕೆ ಹೇಗೆ ಬೆಳೆಯುತ್ತದೆ, ಯಾರದು ಹೆಚ್ಚು, ಯಾರದು ಕಡಿಮೆ ಎಂದು ತಿಳಿಯಲು ಅದೊಂದೇ ದಾರಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅವಳ ಪಾಲಿಗೆ ಬಂದ ಮನೆಗಳಲ್ಲಿ ಎರಡು, ರೈಲು ಹಳಿಯ ಪಕ್ಕದ ಓಣಿಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ಒಂದು ಟರ್ನರನ ಮನೆ. ಇನ್ನೊಂದು, ಅವನು ಕೆಲಸ ಮಾಡುತ್ತಿದ್ದ ಶೆಡ್ಡಿನ ಯಜಮಾನನದು. ಶೆಡ್ಡು ಎಂದರೆ ಹಿತ್ತಲಿನಲ್ಲಿ ತಗಡು ಹೊದಿಸಿ ಎರಡು ಲೇತ್ ಯಂತ್ರ ಇಟ್ಟ ಜಾಗ. ಒಂದರಲ್ಲಿ ಯಜಮಾನ, ಒಂದರಲ್ಲಿ ಟರ್ನರ್, ಕಬ್ಬಿಣ ಕಡೆದು ನೀರಿನ ಪಂಪಿಗೆ ಬೇಕಾದ ವಾಲ್ವು ಮಾಡುತ್ತಿದ್ದರು. ಇಬ್ಬರ ಅಂಗಿಯೂ ಒಂದೇ ಬಗೆಯಲ್ಲಿ ಕಪ್ಪಾಗಿರುತ್ತಿತ್ತು.

ಮೊದಲನೆಯ ಸುತ್ತಿನಲ್ಲಿ ಅಕ್ಕ ಹೋದಾಗ ಯಜಮಾನ ಗ್ರೀಸು ಮೆತ್ತಿದ ಕೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತಲೇ ಹೊರಗೆ ಬಂದು, "ಕೇಳಿ ತಾಯಿ, ನಮ್ಮದೇನು ಗುಟ್ಟು? ಬರೋದನ್ನೂ ಬರ್ಕೊಳ್ಳಿ, ಬರದೇ ಇರೋದನ್ನೂ ಬರ್ಕೊಳ್ಳಿ" ಎಂದಿದ್ದನಂತೆ. ಪಕ್ಕದ ಬಾಗಿಲಲ್ಲಿ ನಿಂತಿದ್ದ ಟರ್ನರನ ಹೆಂಡತಿ, "ನಮ್ಮ ಸಕ್ಕರೆ ಡಬ್ಬಿನೂ ಸೇರಿಸ್ಕೊಳ್ಳಿ ಅವರ ಲೆಕ್ಕಕ್ಕೆ, ಅರ್ಧ ಆ ಮನೆಗೇ ಹೋಗುತ್ತೆ" ಎಂದು ಕೂಗಿದಳು. ಒಳಗಿನಿಂದ ಯಜಮಾನನ ಹೆಂಡತಿ, "ಕೊಟ್ಟಿದ್ದನ್ನ ಊರಿಗೆಲ್ಲ ಹೇಳ್ತೀಯಲ್ಲೇ!" ಎಂದು ನಕ್ಕಳು. ಆ ಸಲ ಎರಡು ಮನೆಯ ಫಾರ್ಮನ್ನೂ ಅಕ್ಕ ಟರ್ನರನ ಮನೆಯ ಹೊಸ್ತಿಲ ಮೇಲೆ ಕೂತೇ ತುಂಬಿದಳು. ಯಜಮಾನನ ಆದಾಯ ಟರ್ನರನದಕ್ಕಿಂತ ಎರಡೂವರೆ ಪಟ್ಟು ಇತ್ತು. ಯಂತ್ರ ಅವನದು, ಜಾಗ ಅವನದು, ತಲೆನೋವೂ ಅವನದು. ಯಾರಿಗೂ ಅದು ಅನ್ಯಾಯ ಅನ್ನಿಸಿರಲಿಲ್ಲ.

ಮೂರನೆಯ ಸುತ್ತಿನ ಹೊತ್ತಿಗೆ ಯಜಮಾನನಿಗೆ ದೊಡ್ಡ ಗುತ್ತಿಗೆ ಸಿಕ್ಕಿತ್ತು. ಶೆಡ್ಡು ಊರ ಹೊರಗೆ ಹೋಗಿ ಕಾರ್ಖಾನೆಯಾಯಿತು. ಯಜಮಾನ ಹಳಿಯ ಆಚೆ, ಕಾಂಪೌಂಡು ಇರುವ ಮನೆಗೆ ಹೋದ. ಟರ್ನರನ ಸಂಬಳವೂ ಏರಿತ್ತು. ಹಳೆಯದೊಂದು ಫ್ರಿಜ್ಜು ಕೊಂಡಿದ್ದ. ಅಕ್ಕನಿಗೆ ಅದರ ಬಾಗಿಲನ್ನು ತೆಗೆದು ಹಾಕಿ ತೆಗೆದು ಹಾಕಿ ತೋರಿಸಿದ. ಅವನಿಗೆ ಹೆಮ್ಮೆಪಡಲು ಇನ್ನೊಂದು ಕಾರಣವೂ ಇತ್ತು. ವಾಲ್ವನ್ನು ಯಂತ್ರಕ್ಕೆ ಕಚ್ಚಿಸುವ ಹೊಸ ಹಿಡಿಕೆಯೊಂದನ್ನು ಅವನು ಮಾಡಿದ್ದ. ಗಂಟೆಗೆ ಎಂಟು ಆಗುತ್ತಿದ್ದ ವಾಲ್ವು ಅದರಿಂದ ಹದಿನೆಂಟು ಆಗತೊಡಗಿತು. ಯಜಮಾನ ಕಾರ್ಖಾನೆಯವರನ್ನೆಲ್ಲ ಸೇರಿಸಿ, ಅವನ ಹೆಗಲ ಮೇಲೆ ಕೈ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟು ಚಪ್ಪಾಳೆ ಹೊಡೆಸಿದ್ದ. "ಗಂಟೆಗೆ ಹತ್ತು ವಾಲ್ವು ಜಾಸ್ತಿ. ನಿಮಗೆ ಏನು ಜಾಸ್ತಿ ಆಯ್ತು?" ಎಂದು ಅಕ್ಕ ಕೇಳಿದಳು. ಫಾರ್ಮಿನ ಪ್ರಶ್ನೆಯಲ್ಲ ಅದು. ಟರ್ನರ್ ಗಡಿಯಾರದ ಕಡೆ ಕೈ ತೋರಿಸಿದ. ಅವನ ಹೆಂಡತಿ ಒಲೆಯ ಕಡೆ ತಿರುಗಿದಳು.

ನಾಲ್ಕನೆಯ ಸುತ್ತಿನಲ್ಲಿ ತಾವಾಗಿ ಓಡುವ ಯಂತ್ರಗಳು ಬಂದಿದ್ದವು. ನಾಲ್ಕು ಯಂತ್ರಕ್ಕೆ ಒಬ್ಬನೇ ಆಳು ಸಾಕು. ಟರ್ನರ್ ನಾಲ್ಕನ್ನೂ ನೋಡಿಕೊಳ್ಳುತ್ತಿದ್ದ. ಸಂಬಳ ಮತ್ತೆ ಏರಿತ್ತು, ಅದಕ್ಕಿಂತ ಜೋರಾಗಿ ಮನೆ ಬಾಡಿಗೆ, ಬಸ್ಸಿನ ದರ, ಮಗಳ ಶಾಲೆಯ ಫೀಸು ಏರಿದ್ದವು. ಐದನೆಯ ಸುತ್ತಿನಲ್ಲಿ ಕಂಪನಿ ಷೇರು ಪೇಟೆಗೆ ಹೋಗಿತ್ತು. ಯಜಮಾನ ಗುಡ್ಡದ ಮೇಲೆ ಮನೆ ಕಟ್ಟಿಸಿದ್ದ. ಟರ್ನರನನ್ನೂ ಅವನ ಓರಗೆಯವರನ್ನೂ ಒಂದು ದಿನ ಕೆಲಸದಿಂದ ಬಿಡಿಸಿ, ಮಾರನೆಯ ದಿನ ಒಂದು ಏಜೆನ್ಸಿಯ ಮೂಲಕ ಅದೇ ಕಾರ್ಖಾನೆಯ ಅದೇ ಜಾಗಕ್ಕೆ ತೆಗೆದುಕೊಂಡಿದ್ದರು. ಗುರುತಿನ ಚೀಟಿಯ ಬಣ್ಣ ನೀಲಿ ಹೋಗಿ ಹಳದಿಯಾಯಿತು, ಸಂಬಳದಲ್ಲಿ ಕಾಲು ಭಾಗ ಹೋಯಿತು. ಮೊದಲ ಸುತ್ತಿನಲ್ಲಿ "ಏನೋ, ಬಾರೋ" ಎಂದು ಯಜಮಾನನನ್ನು ಕೂಗುತ್ತಿದ್ದವನು ಈಗ "ಯಜಮಾನ್ರು" ಎನ್ನುತ್ತಿದ್ದ. ಮನೆಯಲ್ಲಿ ಫ್ರಿಜ್ಜು ಇತ್ತು. ಕರೆಂಟು ಬಿಲ್ಲಿಗೆ ಹೆದರಿ ಅದನ್ನು ಆರಿಸಿ ಬಟ್ಟೆ ಮಡಚಿ ಇಟ್ಟಿದ್ದರು. ಅಕ್ಕನ ಫಾರ್ಮಿನಲ್ಲಿ "ಫ್ರಿಜ್ಜು ಇದೆಯೇ?" ಎಂಬ ಪ್ರಶ್ನೆಗೆ ಇದೆ ಎಂದೇ ಬರೆಯಬೇಕಿತ್ತು. ಬರೆದಳು.

ಆರನೆಯ ಸುತ್ತಿನಲ್ಲಿ ಗುಡ್ಡದ ಮನೆಯ ಗೇಟು ತೆಗೆಯಲಿಲ್ಲ. ಅಕ್ಕ ಐದು ಸಲ ಹೋದಳು. ಗುಡ್ಡಕ್ಕೆ ಬಸ್ಸಿಲ್ಲ, ಅಲ್ಲಿಯವರಿಗೆ ಬಸ್ಸು ಬೇಕಿರಲಿಲ್ಲ. ಕೆಳಗಿನ ತಿರುವಿನಲ್ಲಿ ಇಳಿದು ಅರ್ಧ ಗಂಟೆ ಏರು ಹತ್ತಬೇಕು. ಕಾವಲುಗಾರ ಗೇಟಿನ ಕಿಂಡಿಯಿಂದ, "ಯಜಮಾನ್ರು ಇಲ್ಲಮ್ಮ" ಎನ್ನುತ್ತಿದ್ದ. ಐದನೆಯ ಸಲ ಪಾಪ ಅವನೇ ನಾಚಿಕೊಂಡು, "ಇದ್ದಾರಮ್ಮ, ಆದ್ರೆ ಇಲ್ಲ" ಎಂದ.

ಕಚೇರಿಗೆ ಬಂದು ಹೇಳಿದಾಗ ಮೇಲ್ವಿಚಾರಕ ಕೈಪಿಡಿ ತೆಗೆದು ನೋಡಿದ. ವಯಸ್ಸಿನಲ್ಲಿ ಅಕ್ಕನಿಗಿಂತ ಹತ್ತು ವರ್ಷ ಚಿಕ್ಕವನು, ಕೆಟ್ಟವನಲ್ಲ, ಹೆದರುಪುಕ್ಕಲ. "ಬೀಗ ಅಂತ ಬರೀರಿ ಮೇಡಂ. ಅದೇ ವಿಳಾಸದಲ್ಲಿ ಬೇರೆ ಒಲೆ ಇರೋ ಸಂಸಾರ ಇದ್ರೆ ಅದನ್ನ ಬದಲಿ ತಗೋಬಹುದು ಅಂತಿದೆ."

ಅದೇ ವಿಳಾಸದಲ್ಲಿ ಬೇರೆ ಒಲೆ ಇದ್ದದ್ದು ಕಾವಲುಗಾರನದು. ಗೇಟಿನ ಪಕ್ಕದ ಒಂದೇ ಕೋಣೆ. ಅವನು ಖುಷಿಯಿಂದ ಎಲ್ಲ ಹೇಳಿದ, ಚಾಪೆ ಎಷ್ಟಿವೆ ಎಂಬುದನ್ನೂ ಹೇಳಿದ. ಹೀಗೆ ಆ ಸುತ್ತಿನಲ್ಲಿ ಯಜಮಾನನ ಜಾಗದಲ್ಲಿ ಕಾವಲುಗಾರನ ಆದಾಯ ಕೂತಿತು. ಆ ಫಾರ್ಮನ್ನು ಕಂಪ್ಯೂಟರಿಗೆ ಹಾಕಿದವನು ನಾನೇ. ನಾನೂ ಅಕ್ಕನೂ ಅದನ್ನು ನೆನೆದು ಊಟದ ಹೊತ್ತಿನಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆವು.

"ನಗೋ ವಿಷಯ ಅಲ್ಲ ಕಣೋ ಅದು" ಎಂದಳು ಕೊನೆಗೆ, ಡಬ್ಬಿ ತೊಳೆಯುತ್ತ.

ಏಳನೆಯ ಸುತ್ತಿನ ಹೊತ್ತಿಗೆ ಅವಳಿಗೆ ನಲವತ್ತೇಳು. ಮೊಣಕಾಲು ನೋಯುತ್ತಿತ್ತು. ಮಗಳು ಮೊಬೈಲ್ ಅಂಗಡಿಯಲ್ಲಿ ನಿಂತುಕೊಂಡೇ ಮಾಡುವ ಕೆಲಸಕ್ಕೆ ಸೇರಿದ್ದಳು. ಅಲ್ಲಿಯೂ ಮೂರು ತಿಂಗಳ ಆದೇಶವೇ. ಅಕ್ಕ ಮೊದಲು ಟರ್ನರನ ಮನೆಗೆ ಹೋದಳು. ಅವನು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ನಿಲ್ಲುತ್ತದೆ ಎಂದು ಕೂತೇ ನಿದ್ದೆ ಮಾಡುವುದಂತೆ. ಏಜೆನ್ಸಿಯವರು ಅವನನ್ನು ಲೇತಿನಿಂದ ತೆಗೆದು ಉಜ್ಜುವ ವಿಭಾಗಕ್ಕೆ ಹಾಕಿದ್ದರು. ಅಲ್ಲಿನ ಕಬ್ಬಿಣದ ಧೂಳು ಆರು ವರ್ಷ ಎದೆಗೆ ಇಳಿದಿತ್ತು. ಮನೆಯಲ್ಲೇ ಇಟ್ಟುಕೊಳ್ಳುವ ಆಮ್ಲಜನಕದ ಯಂತ್ರ ಬೇಕು ಎಂದು ವೈದ್ಯರು ಬರೆದುಕೊಟ್ಟಿದ್ದರು. ಕಂಪನಿಗೆ ಹೋಗಿ ಕೇಳಿದರೆ ನೀವು ಏಜೆನ್ಸಿಯವರು ಎಂದರು. ಏಜೆನ್ಸಿಗೆ ಹೋದರೆ, ಕೆಲಸಕ್ಕೆ ಬಾರದೆ ಎರಡು ತಿಂಗಳಾಯಿತಲ್ಲ, ನೀವು ನಮ್ಮವರೂ ಅಲ್ಲ ಎಂದರು.

ಅಕ್ಕ ಎಂದಿನಂತೆ ಹಾಲಿನಿಂದ ಶುರು ಮಾಡಿದಳು. ಟರ್ನರನ ಹೆಂಡತಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಹಾಲು ನಿಲ್ಲಿಸಿದ್ದೇವೆ. ಚಪ್ಪಲಿ ಈ ವರ್ಷ ಇಲ್ಲ. ಔಷಧಿ, ಹತ್ತು ಬರೆದುಕೊಟ್ಟರೆ ನಾಲ್ಕು ತರುತ್ತೇವೆ. ಫಾರ್ಮು ಮುಗಿದು ಅಕ್ಕ ಎದ್ದಾಗ ಅವಳು ಓಣಿಯ ತುದಿಯವರೆಗೂ ಜೊತೆಗೆ ಬಂದಳು.

"ನೀವು ಆ ಮನೆಗೂ ಹೋಗ್ತೀರಲ್ಲ."

"ಹೋಗ್ಬೇಕು. ಬಿಟ್ರೆ ನೋಡೋಣ."

"ನಾನು ಎರಡು ಸಲ ಹೋದೆ. ಗೇಟಲ್ಲೇ ಆಯ್ತು. ನೀವು ಗೌರ್ಮೆಂಟ್ ಕಡೆಯವರು, ನಿಮ್ಮನ್ನ ಬಿಡ್ತಾರೆ. ಒಂದು ಮಾತು ಹೇಳ್ತೀರಾ? ದುಡ್ಡು ಬೇಡ. ಆ ಯಂತ್ರ ಒಂದು ಕೊಡಿಸ್ಲಿ. ಇವರು ಕೈಯಾರೆ ಮಾಡಿಕೊಟ್ಟಿದ್ದು ಎಷ್ಟಿಲ್ಲ ಅವರಿಗೆ."

ಸರ್ವೆಗೆ ಹೋದವರು ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ಯಕೂಡದು. ಕೈಪಿಡಿಯ ಎರಡನೆಯ ಪುಟದಲ್ಲೇ ದಪ್ಪ ಅಕ್ಷರದಲ್ಲಿದೆ. ಹತ್ತೊಂಬತ್ತು ವರ್ಷ ಅಕ್ಕ ಅದನ್ನು ಮೀರಿರಲಿಲ್ಲ. "ಹೇಳ್ತೀನಿ" ಎಂದಳು.

ಎರಡು ಸಲ ಗೇಟಿನಿಂದ ವಾಪಸಾದಳು. ಮೂರನೆಯ ಸಲ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಅವಳು ಏರು ಹತ್ತಿ ಸುಸ್ತಾಗಿ ಗೇಟಿನ ಎದುರಿನ ಕಟ್ಟೆಯ ಮೇಲೆ ಕೂತಿದ್ದಾಗ ಒಂದು ಕಾರು ಬಂದು ನಿಂತಿತು. ಹಿಂದಿನ ಕಿಟಕಿಯ ಗಾಜು ಇಳಿಯಿತು. ಯಜಮಾನನ ಹೆಂಡತಿ.

"ಅಯ್ಯೋ, ನೀವು ನಮ್ಮ ಸರ್ವೆ ಅಕ್ಕ ಅಲ್ವಾ? ಎಷ್ಟು ಸೊರಗಿದ್ದೀರಿ! ಹತ್ತಿ, ಹತ್ತಿ."

ಗೇಟಿನಿಂದ ಮನೆಗೆ ಕಾರಿನಲ್ಲೇ ಎರಡು ನಿಮಿಷ ಹಿಡಿಯಿತು ಎಂದು ಅಕ್ಕ ನನಗೆ ಹೇಳಿದಳು. ಒಳಗೆ ಅವಳನ್ನು ಕೂರಿಸಿದ ಕೋಣೆಯಲ್ಲಿ ಸದ್ದೇ ಇರಲಿಲ್ಲವಂತೆ. ಅಷ್ಟು ನಿಶ್ಶಬ್ದವನ್ನು ಅವಳು ಯಾವ ಮನೆಯಲ್ಲೂ ಕೇಳಿರಲಿಲ್ಲ. ಯಜಮಾನ ಬಂದ. ಕೂದಲು ನೆರೆತಿತ್ತು, ಮೈ ಹಗುರವಾಗಿತ್ತು, ಟರ್ನರನ ಓರಗೆಯವನೆಂದರೆ ಯಾರೂ ನಂಬುತ್ತಿರಲಿಲ್ಲ. ಹಳೆಯ ಸಲಿಗೆಯಲ್ಲೇ ಮಾತಾಡಿಸಿದ. "ಹೋದ ಸಲ ನೀವು ಬಂದಿದ್ದು ನನಗೆ ಗೊತ್ತೇ ಆಗ್ಲಿಲ್ಲ. ಇವರು ಯಾರನ್ನೂ ಒಳಗೆ ಬಿಡಲ್ಲ ನೋಡಿ, ನಾನೇ ಕೈದಿ ಆಗಿದ್ದೀನಿ" ಎಂದ. ಹಾಲು ಎಷ್ಟು ಎಂದು ಕೇಳಿದ್ದಕ್ಕೆ ಗಂಡಹೆಂಡತಿ ಮುಖಮುಖ ನೋಡಿಕೊಂಡರು. ಇಬ್ಬರಿಗೂ ಗೊತ್ತಿರಲಿಲ್ಲ. ಆದಾಯಕ್ಕೆ ಬಂದಾಗ ಅವನು ಮುಚ್ಚುಮರೆಯಿಲ್ಲದೆ ಲೆಕ್ಕಪತ್ರದವನಿಗೆ ಫೋನು ಮಾಡಿ, ಸ್ಪೀಕರ್ ಹಾಕಿ, ಹೋದ ವರ್ಷದ್ದು ಒಟ್ಟು ಹೇಳು ಎಂದ. ಆ ಕಡೆಯವನು ಸಂಬಳ, ಲಾಭದ ಪಾಲು, ಷೇರಿನಿಂದ ಬಂದದ್ದು ಎಲ್ಲ ಸೇರಿಸಿ ಓದಿದ.

ಅಕ್ಕ ಬರೆಯಲು ಹೋದಳು. ಫಾರ್ಮಿನಲ್ಲಿ ಆದಾಯಕ್ಕೆ ಎಂಟು ಚೌಕ ಇದ್ದವು. ಅವನು ಹೇಳಿದ್ದು ಹತ್ತು ಅಂಕಿ.

ಇನ್ನೊಮ್ಮೆ ಹೇಳಿಸಿದಳು. ಹತ್ತೇ. ಅವಳು ಎರಡು ಅಂಕಿಯನ್ನು ಚೌಕದ ಹೊರಗೆ, ಅಂಚಿನ ಖಾಲಿ ಜಾಗದಲ್ಲಿ ಬರೆದಳು. ಹತ್ತೊಂಬತ್ತು ವರ್ಷದಲ್ಲಿ ಅವಳ ಕೈ ಗೆರೆ ದಾಟಿದ್ದು ಅದೇ ಮೊದಲು.

ಆಮೇಲೆ ಟರ್ನರನ ಸುದ್ದಿ ಎತ್ತಿದಳು. ಯಜಮಾನ ಮುಂದಕ್ಕೆ ಬಾಗಿ ಕೇಳಿದ. ಅವನ ಕಣ್ಣು ಒದ್ದೆಯಾದದ್ದು ನಾಟಕವಲ್ಲ ಎಂದು ಅಕ್ಕ ಆಣೆ ಮಾಡಿ ಹೇಳುತ್ತಿದ್ದಳು. "ಅವನ ಕೈ! ಅಂಥ ಕೈ ನಾನು ಇನ್ನೊಂದು ನೋಡ್ಲಿಲ್ಲ ಅಕ್ಕ. ಮೈಕ್ರೋಮೀಟರು ಬೇಕಾಗಿರ್ಲಿಲ್ಲ ಅವನಿಗೆ, ಉಗುರಲ್ಲಿ ಮುಟ್ಟಿ ಅಳತೆ ಹೇಳ್ತಿದ್ದ."

"ಆ ಯಂತ್ರ ಒಂದು..."

"ಅಲ್ಲೇ ಇರೋದು ಕಷ್ಟ. ಏಜೆನ್ಸಿ ಆಳುಗಳು ಸಾವಿರಾರು ಜನ ಇದ್ದಾರೆ. ನಾನು ಒಬ್ಬರಿಗೆ ಅಂತ ಕೊಟ್ಟೆ ಅಂದ್ರೆ ನಾಳೆ ವಕೀಲರು ನನ್ನ ಪ್ರಾಣ ತಿಂತಾರೆ. ಒಪ್ಪಿಕೊಂಡ ಹಾಗಾಗುತ್ತೆ, ನಮ್ಮ ಧೂಳಿಂದಾನೇ ಆಯ್ತು ಅಂತ. ನನ್ನ ಕೈಲಿ ಏನೂ ಇಲ್ಲ ಅಕ್ಕ. ನಿಜವಾಗ್ಲೂ ಇಲ್ಲ." ಕುರ್ಚಿಯಿಂದ ಏಳುತ್ತ, "ಹಣ್ಣು ಕಳಿಸ್ತೀನಿ" ಎಂದ.

ಬುಟ್ಟಿ ತುಂಬ ಹಣ್ಣು ಕಾರಿನಲ್ಲೇ ಓಣಿಗೆ ಹೋಯಿತು, ಕಾರಿನಲ್ಲಿ ಅಕ್ಕನೂ ಹೋದಳು. ಬುಟ್ಟಿಗೆ ಹೊಳೆಯುವ ಕಾಗದ ಸುತ್ತಿ, ಬೇಗ ಗುಣವಾಗಿ ಎಂದು ಬರೆದ ಚೀಟಿ ಸಿಕ್ಕಿಸಿದ್ದರು. ಟರ್ನರ್ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದ. ಎರಡು ಉಸಿರಿನ ನಡುವೆ ಒಂದೊಂದೇ ಮಾತು ಕೂಡಿಸಿ ಹೆಂಡತಿಗೆ ಹೇಳಿದ: "ನೋಡಿದ್ಯಾ? ಮರೆತಿಲ್ಲ ಅವನು." ಬಹಳ ವರ್ಷದ ಮೇಲೆ ಯಜಮಾನನನ್ನು ಅವನು ಎಂದಿದ್ದ. ಹೆಂಡತಿ ದ್ರಾಕ್ಷಿ ತೊಳೆಯಲು ಹೋದಳು. ತೊಳೆದು ತಂದ ದ್ರಾಕ್ಷಿಯನ್ನು ಅವನಿಗೆ ನುಂಗಲಾಗಲಿಲ್ಲ.

ಅಕ್ಕ ಅಲ್ಲಿಂದ ನೇರವಾಗಿ ಕಚೇರಿಗೆ ಬಂದಳು. ಎರಡು ಫಾರ್ಮನ್ನೂ ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಬಸ್ಸಿನ ಟಿಕೀಟಿನ ಹಿಂದೆ ಭಾಗಾಕಾರ ಮಾಡಿದ್ದಳು.

"ಎಷ್ಟು ಪಟ್ಟು ಹೇಳು."

"ಎಷ್ಟು?"

"ಆರು ಸಾವಿರ. ಮೊದಲ್ನೇ ಸಲ ಎರಡೂವರೆ ಇತ್ತು. ಒಂದು ವರ್ಷದಲ್ಲಿ ಅವರಿಗೆ ಬಂದಿದ್ದು ಇವರಿಗೆ ಬರ್ಬೇಕು ಅಂದ್ರೆ ಇವರು ಆರು ಸಾವಿರ ವರ್ಷ ಉಸಿರಾಡ್ತಾ ಇರ್ಬೇಕು."

ಕಂಪ್ಯೂಟರಿನಲ್ಲೂ ಎಂಟೇ ಚೌಕ. ಹತ್ತು ಅಂಕಿ ಹೊಡೆದರೆ ಕೆಂಪು ಗೆರೆ ಬಂದು ಕಿರ್ರೆಂದಿತು. ಮೇಲ್ವಿಚಾರಕ ಎದ್ದು ಬಂದ, ಫಾರ್ಮು ನೋಡಿದ, ಅವನ ಮುಖ ಸಣ್ಣದಾಯಿತು. "ಇಂಥದ್ದಕ್ಕೆ ಪೂರ್ತಿ ಒಂಬತ್ತು ಹಾಕೋದು ಮೇಡಂ. ಎಂಟು ಚೌಕಕ್ಕೂ ಒಂಬತ್ತು."

"ಪೂರ್ತಿ ಒಂಬತ್ತು ಅಂದ್ರೆ ಉತ್ತರ ಸಿಕ್ಕಿಲ್ಲ ಅಂತ ಅಲ್ವಾ?" ಎಂದಳು ಅಕ್ಕ. ಅದು ನಮಗೆಲ್ಲ ಗೊತ್ತಿದ್ದದ್ದೇ. ಸರಾಸರಿ ತೆಗೆಯುವಾಗ ಎಂಟು ಒಂಬತ್ತು ಕಂಡರೆ ಕಂಪ್ಯೂಟರು ಆ ಮನೆಯನ್ನೇ ಬಿಟ್ಟುಬಿಡುತ್ತದೆ.

"ಹೌದು. ಬೇರೆ ದಾರಿ ಇಲ್ಲ."

"ಸಿಕ್ಕಿದೆಯಲ್ಲ ಉತ್ತರ! ಇಲ್ಲೇ ಇದೆಯಲ್ಲ! ಮೂರು ಸಲ ಗುಡ್ಡ ಹತ್ತಿ ತಂದಿದ್ದೀನಿ."

"ಮೇಡಂ, ಇಡೀ ಊರಲ್ಲಿ ಇಂಥ ಮನೆ ಹತ್ತು ಇರಬಹುದು. ಸಾವಿರಾರು ಮನೆ ಲೆಕ್ಕದಲ್ಲಿ ಹತ್ತು ಬಿಟ್ರೆ ಏನಾಗುತ್ತೆ?"

"ಇರೋದೆಲ್ಲ ಆ ಹತ್ತರಲ್ಲೇ ಇದೆ ಸಾರ್."

ಅಕ್ಕ ಅವತ್ತೇ ಹಿರಿಯ ಅಧಿಕಾರಿಗೆ ಒಂದು ಪತ್ರ ಬರೆದಳು. ಒಂದೇ ಪುಟ. ಎರಡು ಮನೆಯ ಏಳು ಸುತ್ತಿನ ಅಂಕಿಗಳನ್ನು, ಕಾವಲುಗಾರನದೊಂದನ್ನು ಬಿಟ್ಟು, ಒಂದರ ಕೆಳಗೊಂದು ಬರೆದು, ಚೌಕ ಹೆಚ್ಚಿಸಿ ಎಂದು ಕೇಳಿದ್ದಳು, ಅಷ್ಟೇ. ವಾರದ ಮೇಲೆ ಅಧಿಕಾರಿ ಅವಳನ್ನು ಕರೆಸಿದರು. ಕುರ್ಚಿ ಕೊಟ್ಟು, ಕಾಫಿ ತರಿಸಿ, ಬಹಳ ಮರ್ಯಾದೆಯಿಂದ ಮಾತಾಡಿದರು. ಪತ್ರ ಚೆನ್ನಾಗಿದೆ ಎಂದರು. ಅಕ್ಷರ ಮುತ್ತಿನ ಹಾಗಿದೆ ಎಂದರು. ಆಮೇಲೆ, "ಒಂದು ಮನೆಗೋಸ್ಕರ ಇಡೀ ಸರಾಸರಿ ಕೆಡಿಸೋಕಾಗುತ್ತೇನಮ್ಮ?" ಎಂದು ಕೇಳಿದರು.

"ಕೆಡಿಸಿದ್ದು ನಾನಲ್ಲ ಸಾರ್" ಎಂದಳು ಅಕ್ಕ.

ಅವಳು ಮಹಡಿಯಲ್ಲಿ ಕಾಫಿ ಕುಡಿಯುತ್ತಿದ್ದ ಆ ಹೊತ್ತಿನಲ್ಲೇ ಮೇಲ್ವಿಚಾರಕ ನನ್ನ ಕುರ್ಚಿಯ ಹಿಂದೆ ಬಂದು ನಿಂತ. ಫಾರ್ಮನ್ನು ನನ್ನ ಕಡೆ ಸರಿಸಿದ. ನನ್ನ ಆದೇಶವೂ ಮೂರು ತಿಂಗಳದ್ದೇ. ಆ ತಿಂಗಳು ಮುಗಿಯುತ್ತಿತ್ತು. ಮನೆಯಲ್ಲಿ ಎರಡನೆಯ ಮಗುವಿಗೆ ಆರು ತಿಂಗಳು. ನಾನು ಒಂಬತ್ತರ ಗುಂಡಿಯನ್ನು ಎಂಟು ಸಲ ಒತ್ತಿದೆ. ಅದಕ್ಕೆ ಒಂದು ಕ್ಷಣವೂ ಹಿಡಿಯಲಿಲ್ಲ.

ಟರ್ನರ್ ಮುಂದಿನ ತಿಂಗಳು ತೀರಿಕೊಂಡ. ಮಧ್ಯಾಹ್ನ ಊಟಕ್ಕೆ ಎಂದು ಹೆಂಡತಿ ತಟ್ಟೆ ತರುವಷ್ಟರಲ್ಲಿ, ಕೂತಲ್ಲೇ. ಗುಡ್ಡದ ಮನೆಯಿಂದ ಯಾರೂ ಬರಲಿಲ್ಲ. ಕಂಪನಿಯ ಕಡೆಯಿಂದ ಒಂದು ಹೂವಿನ ಹಾರ ಬಂತು, ಅದರ ಮೇಲೆ ಕಂಪನಿಯ ಹೆಸರಿತ್ತು, ಅವನ ಹೆಸರು ತಪ್ಪಾಗಿತ್ತು. ಅಕ್ಕ ಎರಡು ದಿನ ಆ ಮನೆಯಲ್ಲೇ ಇದ್ದಳು. ಫ್ರಿಜ್ಜಿನಿಂದ ಅವನ ಬಟ್ಟೆಗಳನ್ನು ತೆಗೆದು ಕಟ್ಟಿದವಳು ಅವಳೇ.

ಅಕ್ಕನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಮೂರು ತಿಂಗಳು ಮುಗಿಯಿತು, ಒಂದು ದಿನ ಮನೆಗೆ ಕಳಿಸಿದರು, ಮತ್ತೆ ಆದೇಶ ಬರಲಿಲ್ಲ. ಅವಳು ಹದಿನೈದು ದಿನ, ಬಿಸಿಲಲ್ಲಿ, ಕಚೇರಿಯ ಮೆಟ್ಟಿಲವರೆಗೂ ಬಂದು ವಿಚಾರಿಸಿ ಹೋದಳು. "ಬರುತ್ತೆ ಮೇಡಂ, ಮೇಲಿಂದ ಬರ್ಬೇಕು" ಎನ್ನುತ್ತಿದ್ದ ಮೇಲ್ವಿಚಾರಕ, ಮುಖ ಎತ್ತದೆ. ಹದಿನಾರನೆಯ ದಿನ ಅವಳು ಬರಲಿಲ್ಲ. ಅವಳ ಮನೆಗಳನ್ನು ಹೊಸಬರಿಬ್ಬರಿಗೆ ಹಂಚಿದರು. ಅವರ ಕೈಗೆ ಟ್ಯಾಬ್ಲೆಟ್ಟು ಕೊಟ್ಟಿದ್ದರು. ಅದರಲ್ಲಿ ಅಂಚಿನ ಖಾಲಿ ಜಾಗವೇ ಇರಲಿಲ್ಲ.

ಈಗ ಅವಳು ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಎಣಿಸುತ್ತಾಳೆ. ನೆಲಮಾಳಿಗೆಯ ಉದ್ದನೆಯ ಕೋಣೆ, ಆವಿ, ಮೂಗಿಗೆ ಹೊಡೆಯುವ ಬ್ಲೀಚಿನ ವಾಸನೆ. ಮಧ್ಯಾಹ್ನ ಎರಡರಿಂದ ಪಾಳಿ. ಮೊಣಕಾಲು ನೋವಿದ್ದರೂ ಕೂರುವ ಹಾಗಿಲ್ಲ.

ಏಳನೆಯ ಸುತ್ತಿನ ವರದಿ ಒಂದು ವರ್ಷದ ಮೇಲೆ ಅಚ್ಚಾಗಿ ಬಂತು. ದಪ್ಪ ಪುಸ್ತಕ, ನುಣುಪು ಕಾಗದ. ಮೊದಲ ಪುಟದಲ್ಲೇ ಇತ್ತು: ಕಳೆದ ಹದಿನೆಂಟು ವರ್ಷಗಳಲ್ಲಿ ಆದಾಯವು ಎಲ್ಲ ಹಂತಗಳಲ್ಲೂ ಸರಿಸುಮಾರು ಸಮನಾಗಿ ಬೆಳೆದಿದ್ದು, ಮೇಲಿನವರ ಮತ್ತು ಉಳಿದವರ ನಡುವಿನ ಅಂತರ ಕೊಂಚ ತಗ್ಗಿದೆ. ಪತ್ರಿಕೆಗಳಲ್ಲೂ ಬಂತು. ನಾನು ಒಂದು ಪ್ರತಿ ತೆಗೆದುಕೊಂಡು ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಅವಳು ಟರ್ನರನ ಹೆಂಡತಿಯನ್ನು ನೋಡಲು ಹೊರಟಿದ್ದಳು. ನಾನೂ ಜೊತೆಗೆ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಹೇಳಿಬಿಟ್ಟೆ. "ಅಕ್ಕಾ, ಆ ಒಂಬತ್ತು ಹಾಕಿದ್ದು ನಾನೇ."

"ಗೊತ್ತು ಕಣೋ" ಎಂದಳು, ಕಿಟಕಿಯಿಂದ ಮುಖ ತಿರುಗಿಸದೆ. "ನೀನು ಹಾಕದೇ ಇದ್ರೆ ಪಕ್ಕದ ಕುರ್ಚಿಯವನು ಹಾಕ್ತಿದ್ದ."

ಬೈದಿದ್ದರೆ ಚೆನ್ನಾಗಿತ್ತು.

ಟರ್ನರನ ಹೆಂಡತಿ ಎರಡು ಕೋಣೆಯ ಮನೆ ಬಿಟ್ಟು ಅದೇ ಓಣಿಯ ಹಿಂಬದಿಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಅದೇ ಏಜೆನ್ಸಿಯ ಮೂಲಕ. ನಮಗೆ ಚಾಪೆ ಹಾಸಿದಳು. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, "ಅದೇನು?" ಎಂದಳು. ನಾನು ಮೇಲೆಮೇಲೆ ಹೇಳಿ ಮುಗಿಸೋಣವೆಂದಿದ್ದೆ. ಅಕ್ಕ ಬಿಡಲಿಲ್ಲ. ಪುಸ್ತಕ ತೆಗೆದುಕೊಂಡು ಆ ಸಾಲನ್ನು ಪೂರ್ತಿ ಓದಿದಳು, ನಿಧಾನವಾಗಿ, ಒಂದು ಪದವನ್ನೂ ಬಿಡದೆ.

ಟರ್ನರನ ಹೆಂಡತಿ ಕೇಳಿಸಿಕೊಂಡಳು. ಸ್ವಲ್ಪ ಹೊತ್ತು ಕೈಬೆರಳು ನೋಡಿಕೊಂಡಳು, ಸೋಡಾಪುಡಿಯಿಂದ ಬಿರಿದಿದ್ದವು.

"ನಾವು ಹೇಳಿದ್ದು ಇದರಲ್ಲಿ ಎಲ್ಲಿದೆ?"

"ಎಲ್ಲರದೂ ಸೇರಿಸಿ ಭಾಗಿಸ್ತಾರೆ. ಅದರಲ್ಲಿ ಇದೆ" ಎಂದಳು ಅಕ್ಕ.

"ಗುಡ್ಡದ ಮನೆಯವರದು?"

"ಇಲ್ಲ."

"ಹಾಲು ನಿಲ್ಸಿದ್ದು ಹೇಳಿದ್ದೆ ನಿಮಗೆ. ಮಗಳ ಕಿವಿಯೋಲೆ ಮಾರಿದ್ದು ಹೇಳಿದ್ದೆ. ಇವರು ಅತ್ತಿದ್ದು ಹೇಳಿದ್ದೆ, ಅದನ್ನ ನಾನು ನನ್ನ ತಂಗಿಗೂ ಹೇಳಿರ್ಲಿಲ್ಲ. ನೀವು ಬರ್ಕೋತಾ ಇದ್ರಿ, ಎಲ್ಲೋ ಯಾರೋ ಓದ್ತಾರೆ ಅಂದ್ಕೊಂಡಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದಳು. "ಹಾಗಾದ್ರೆ ನಾನು ಏನೂ ಹೇಳದೇ ಇದ್ದಿದ್ರೂ ಇದು ಹೀಗೇ ಬರ್ತಿತ್ತಾ?"

ಅಕ್ಕ ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ.

"ಹೀಗೇ ಬರ್ತಿತ್ತು" ಎಂದಳು.

ಟರ್ನರನ ಹೆಂಡತಿ ತಲೆಯಾಡಿಸಿದಳು. ಎದ್ದು ಹೋಗಿ ನೀರು ತಂದು ಕೊಟ್ಟಳು. ಹನ್ನೆರಡೂವರೆಗೆ ಅಕ್ಕ ಎದ್ದಳು. ಎರಡಕ್ಕೆ ಲಾಂಡ್ರಿಯಲ್ಲಿರಬೇಕು, ಭಾನುವಾರವೂ ಆಸ್ಪತ್ರೆಗೆ ರಜೆಯಿಲ್ಲ. ಪುಸ್ತಕವನ್ನು ನಾನು ಅಲ್ಲೇ ಮರೆತು ಬಂದೆ ಎಂದು ಬಸ್ಸು ಹತ್ತಿದ ಮೇಲೆ ಗೊತ್ತಾಯಿತು. ಹಿಂದಿರುಗಿ ಹೋಗಿ ತರಲೇ ಎಂದು ಕೇಳಿದೆ. ಅಕ್ಕ ಕಣ್ಣು ಮುಚ್ಚಿ ಸೀಟಿಗೆ ಒರಗಿದ್ದಳು, ಬೇಡವೆಂದು ಕೈ ಅಲ್ಲಾಡಿಸಿದಳು.